ಮಾಷ್ಟ್ರ ಹೆಸರಿಗಂಟಿದ ‘ಟ’

ಉತ್ತರಕ್ರಿಯೆಯ ದಿನ ಸಭಾಭವನದ ಪರದೆಯ ಮೇಲೆ ನಾನು ಮಾಡಿಕೊಟ್ಟ ವೀಡಿಯೊ ಓಡುತ್ತಿತ್ತು. ತೀರಿಕೊಂಡವರು ಮೂಡುಬಿದಿರೆಯ ಆಸುಪಾಸಿನ ಶಾಲೆಗಳಲ್ಲಿ ಮೂವತ್ತು ವರ್ಷ ಕನ್ನಡ ಕಲಿಸಿದವರು. ಕೊನೆಯ ಫೋಟೊದ ಕೆಳಗೆ ಅವರ ಹೆಸರು, ಜೊತೆಗೆ ಊರೆಲ್ಲ ಕರೆಯುತ್ತಿದ್ದ ಹಾಗೆ ‘ಮಾಷ್ಟ್ರು’. ಪರದೆಯಲ್ಲಿ ಬಂದದ್ದು ‘ಮಾಷ್ಟ್ರುಟ’. ಏಳು ಸೆಕೆಂಡ್ ನಿಂತಿತು. ಯಾರೂ ಏನೂ ಹೇಳಲಿಲ್ಲ. ಊಟದ ಹೊತ್ತಿಗೆ ಮಗ ಹತ್ತಿರ ಬಂದು, “ಅದೊಂದು ಅಕ್ಷರ ಸರಿ ಮಾಡಿ ಕೊಡಿ, ಆಯ್ತಾ? ಅಪ್ಪ ಇದ್ದಿದ್ರೆ ಕೆಂಪು ಪೆನ್ನಲ್ಲಿ ಗೀಟು ಹಾಕ್ತಿದ್ರು” ಎಂದರು. ಬೈದಿದ್ದರೆ ಅಷ್ಟು ನೋಯುತ್ತಿರಲಿಲ್ಲ.

ಆ ‘ಟ’ ಎಲ್ಲಿಂದ ಬಂತೆಂದು ರಾತ್ರಿ ಪ್ರಾಜೆಕ್ಟ್ ತೆರೆದು ಕೂತೆ. ನಾನು ಎಡಿಟಿಂಗಿಗೆ ಬಳಸುವ ಪ್ರೀಮಿಯರ್‌ನಲ್ಲಿ ಕ್ಯೂ ಕೀ ಒತ್ತಿದರೆ ಕ್ಲಿಪ್ಪಿನಲ್ಲಿ ಪ್ಲೇಹೆಡ್‌ಗಿಂತ ಹಿಂದಿನ ಭಾಗ ಹೋಗಿ, ಖಾಲಿ ಜಾಗ ತಾನೇ ಮುಚ್ಚಿಕೊಳ್ಳುತ್ತದೆ. ಹೊಸತಾಗಿ ಕಲಿತ ಕೀ, ಕೈ ಸುಮ್ಮನಿರುತ್ತಿರಲಿಲ್ಲ. ಹೆಸರು ಟೈಪ್ ಮಾಡಿದವನು ಟೈಟಲ್‌ನಿಂದ ಹೊರಗೆ ಬಾರದೆಯೇ ಕ್ಯೂ ಒತ್ತಿದ್ದೆ. ಕೀಬೋರ್ಡ್ ಇನ್ನೂ ಕನ್ನಡದಲ್ಲೇ ಇತ್ತು. ಮಂಗಳೂರು ಸಮೀಪದ ಕಿನ್ನಿಕಂಬಳದವರಾದ ಕೆ.ಪಿ. ರಾವ್ ರೂಪಿಸಿದ ವಿನ್ಯಾಸದಲ್ಲಿ ಕ್ಯೂ ಇರುವಲ್ಲಿ ಬರುವುದು ‘ಟ’. ಕ್ಲಿಪ್ ತುಂಡಾಗಲಿಲ್ಲವೆಂದು ಕೀಬೋರ್ಡನ್ನು ಇಂಗ್ಲಿಷಿಗೆ ತಿರುಗಿಸಿ, ಟೈಮ್‌ಲೈನ್ ಮೇಲೆ ಕ್ಲಿಕ್ ಮಾಡಿ ಮತ್ತೊಮ್ಮೆ ಒತ್ತಿದೆ. ತುಂಡಾಯಿತು. ಕಣ್ಣು ಟೈಮ್‌ಲೈನಿನಲ್ಲೇ ಇತ್ತು, ಅಕ್ಷರ ಹೆಸರಿನಲ್ಲೇ ಉಳಿಯಿತು.

ಶಾರ್ಟ್‌ಕಟ್‌ಗಳನ್ನೇ ಬಿಟ್ಟುಬಿಡೋಣ ಅನಿಸಿತ್ತು. ಆದರೆ ಕಡಲಕೆರೆಯಲ್ಲಿ ಕೋಟಿ-ಚೆನ್ನಯ ಜೋಡುಕರೆ ಕಂಬಳ ಆಯಿತೆಂದರೆ ಗಂಟೆಗಟ್ಟಲೆ ರೆಕಾರ್ಡಿಂಗ್ ಮೇಜಿಗೆ ಬರುತ್ತದೆ, ಮೌಸ್ ಒಂದನ್ನೇ ನಂಬಿದರೆ ಮುಗಿಯುವುದಿಲ್ಲ. ಅದರಲ್ಲಿ ಓಟ ಎಷ್ಟಿರುತ್ತದೆ? ಅಶ್ವತ್ಥಪುರದ ಶ್ರೀನಿವಾಸ ಗೌಡರು 2020ರಲ್ಲಿ ಐಕಳ ಕಂಬಳದಲ್ಲಿ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಮುಗಿಸಿದ್ದು ದೇಶಕ್ಕೆಲ್ಲ ಸುದ್ದಿಯಾಗಿತ್ತು. ಅಷ್ಟು ಚಿಕ್ಕ ಓಟಕ್ಕೆ ಮೊದಲು, ಓಟ ಶುರುವಾಗುವ ಗಂತಿನಲ್ಲಿ ಕೋಣಗಳನ್ನು ಅಣಿಮಾಡುವ ಹೊತ್ತೇ ಹೆಚ್ಚು. ಎಲ್ ಎರಡು ಮೂರು ಸಲ ಒತ್ತಿದರೆ ದೃಶ್ಯ ವೇಗವಾಗಿ ಓಡುತ್ತದೆ, ಕೆ ನಿಲ್ಲಿಸುತ್ತದೆ, ಜೆ ಹಿಂದಕ್ಕೆ ಒಯ್ಯುತ್ತದೆ. ಕೋಣಗಳು ಓಟ ಮುಗಿಯುವ ಮಂಜೊಟ್ಟಿ ಏರಿದಲ್ಲಿ ಕಂಟ್ರೋಲ್ ಮತ್ತು ಕೆ ಒತ್ತಿ ಒಂದು ಕತ್ತರಿ ಹಾಕುತ್ತೇನೆ. ಮುಂದಿನ ಜೋಡಿ ಹೊರಡುವಲ್ಲಿಗೆ ಹೋಗಿ ಕ್ಯೂ ಒತ್ತಿದರೆ ನಡುವಿನ ಕಾಯುವಿಕೆ ಪೂರ್ತಿ ಮಾಯ. ಮೊದಲು ಶಾರ್ಟ್‌ಕಟ್‌ಗಳ ದೊಡ್ಡ ಪಟ್ಟಿಯನ್ನು ಗೋಡೆಗೆ ಅಂಟಿಸಿದ್ದೆ, ಒಂದೂ ತಲೆಗೆ ಹತ್ತಲಿಲ್ಲ. ವಾರಕ್ಕೊಂದು ಕೀ ಹಿಡಿದು, ಆ ಕೆಲಸಕ್ಕೆ ಮೌಸ್ ಮುಟ್ಟುವುದಿಲ್ಲವೆಂದು ಹಟ ಮಾಡಿದ ಮೇಲೆ ಬೆರಳಿಗೆ ಬಂತು.

ಟೈಟಲ್‌ಗೆ ಮಾತ್ರ ಈ ವೇಗ ಬೇಡ. ಹೆಸರು ಬರೆದಾದ ಮೇಲೆ ಹೊರಗೆ ಕ್ಲಿಕ್ ಮಾಡಿ, ವಿಂಡೋಸ್ ಕೀ ಮತ್ತು ಸ್ಪೇಸ್ ಒತ್ತಿ ಇಂಗ್ಲಿಷಿಗೆ ಬಂದು, ಒಂದು ಉಸಿರು ನಿಂತು ಹೆಸರು ನೋಡಿ, ಆಮೇಲೆ ಟೈಮ್‌ಲೈನಿಗೆ ಇಳಿಯುತ್ತೇನೆ.

ತಪ್ಪಿಗೆ ಇನ್ನೊಂದು ದಾರಿಯೂ ಇತ್ತು. ನಾನು ಬಳಸುತ್ತಿದ್ದ ಹಳೆಯ ಕನ್ನಡ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಸಂಕೇತದ ಮೇಲೆ ಕನ್ನಡದ ರೂಪ ಕೂರಿಸಿದಂಥವು. ಮನೆಯವರು ವಾಟ್ಸ್ಆ್ಯಪ್‌ನಲ್ಲಿ ಸರಿಯಾಗಿಯೇ ಕಳಿಸಿದ ಹೆಸರುಗಳನ್ನು ಆ ಫಾಂಟಿಗಾಗಿ ನಾನು ಮತ್ತೆ ಟೈಪ್ ಮಾಡಬೇಕಿತ್ತು. ತಪ್ಪುಗಳು ಹೆಚ್ಚಾಗಿ ಹುಟ್ಟುತ್ತಿದ್ದದ್ದು ಅಲ್ಲೇ. ಯುನಿಕೋಡ್‌ಗೆ ಬಂದರೆ ಹಾಗೇ ತಂದು ಅಂಟಿಸಬಹುದು. ಆದರೆ ಮೊದಲ ಸಲ ಅಂಟಿಸಿದಾಗ ಅಶ್ವತ್ಥಪುರ ‘ಅಶ್‌ವತ್‌ಥಪುರ’ ಆಗಿ ಬಿತ್ತು. ಒತ್ತಕ್ಷರ ಒಡೆದದ್ದಕ್ಕೆ ಫಾಂಟ್ ಕಾರಣವೆಂದು ಐದಾರು ಬದಲಿಸಿದೆ. ಕಾರಣ ಬೇರೆ ಇತ್ತು: ಪ್ರಿಫರೆನ್ಸಸ್‌ನ ಗ್ರಾಫಿಕ್ಸ್ ವಿಭಾಗದಲ್ಲಿ ‘ಸೌತ್ ಏಷ್ಯನ್ ಆ್ಯಂಡ್ ಮಿಡ್ಲ್ ಈಸ್ಟರ್ನ್’ ಆಯ್ಕೆ ಮಾಡಿರಲಿಲ್ಲ. ಮಾಡಿದೊಡನೆ ನೋಟೋ ಸಾನ್ಸ್ ಕನ್ನಡ, ಬಾಲೂ ತಮ್ಮ ಎಂಬ ಎರಡೂ ಫಾಂಟ್‌ಗಳಲ್ಲಿ ಒತ್ತುಗಳು ತಮ್ಮ ಜಾಗದಲ್ಲಿ ಕೂತವು. ಸಾಲುಗಳ ನಡುವೆ ಇಂಗ್ಲಿಷಿಗಿಂತ ಹೆಚ್ಚು ಜಾಗ ಬಿಡಬೇಕು. ‘ಷ್ಟ್ರು’ ತನ್ನ ಒತ್ತುಗಳನ್ನು ಇಳಿಬಿಟ್ಟರೆ ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ.

ತಿದ್ದಿದ ವೀಡಿಯೊವನ್ನು ಮಾಷ್ಟ್ರ ಮನೆಗೆ ನಾನೇ ಒಯ್ದೆ. ಟೀವಿಗೆ ಹಾಕಿ, ಕೊನೆಯ ಫೋಟೊದಲ್ಲಿ ನಿಲ್ಲಿಸಿದರು. ಅವರ ಹೆಂಡತಿ ಕನ್ನಡಕ ಏರಿಸಿ ಹೆಸರನ್ನು ಬಿಡಿಬಿಡಿಯಾಗಿ ಓದಿದರು. ಅದು ಸರಿಯಿತ್ತು. ಕೆಳಗೆ ಊರಿನ ಹೆಸರನ್ನು ನಾನು ಬಾಯಲ್ಲಿ ಆಡುವಂತೆ ‘ಮೂಡಬಿದ್ರೆ’ ಎಂದು ಹಾಕಿದ್ದೆ.

“ಅವರು ಮೂಡುಬಿದಿರೆ ಅಂತಲೇ ಬರೀತಿದ್ದದ್ದು” ಎಂದರು. “ಮೂಡು ಬೇರೆ, ಬಿದಿರು ಬೇರೆ ಕಾಣಬೇಕು ಅಂತ ಮಕ್ಕಳಿಗೆ ಹೇಳ್ತಿದ್ರು.”

ಹೊರಡುವಾಗ ಮಾಷ್ಟ್ರ ಹಳೆಯ ನೋಟ್‌ಪುಸ್ತಕದ ಒಂದು ಪುಟದ ಫೋಟೊ ತೆಗೆದುಕೊಂಡೆ. ಅದರಲ್ಲಿ ಅವರ ಕೈಬರಹದಲ್ಲೇ ಹೆಸರೂ ಊರೂ ಇದ್ದವು. ಸಂಜೆ ಅದನ್ನು ಪಕ್ಕದಲ್ಲಿಟ್ಟುಕೊಂಡು, ಒಂದೊಂದೇ ಅಕ್ಷರ ನೋಡಿ ಟೈಟಲ್ ಬರೆದೆ.