ಮೊದಲು ಫೋನಿಗೆ ಕಟ್ಟು
(ಬಾಳೂರಿನಲ್ಲಿ ಕೂತು ವೆಬ್‌ಸೈಟ್ ಮಾಡುವ ಮಗಳಿಗೆ ದೊಡ್ಡಪ್ಪನ ಪತ್ರ)



ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಬಂದು, ಸುತ್ತಮುತ್ತಲಿನವರಿಗೆ ವೆಬ್‌ಸೈಟ್ ಮಾಡಿಕೊಡಲು ಶುರುಮಾಡಿದ್ದೀಯ ಎಂದು ನಿನ್ನಪ್ಪ ಹೇಳಿದಾಗ ನನಗೆ ತುಂಬಾ ಸಂತೋಷವಾಯಿತು. ಹೋಂಸ್ಟೇ ನಡೆಸುವವರು, ತೋಟದ ಕಾಫಿಯನ್ನು ತಾವೇ ಹುರಿದು ಪುಡಿ ಮಾಡಿ ಮಾರುವವರು, ಕಾಳುಮೆಣಸು, ಏಲಕ್ಕಿ, ಜೇನು ಪ್ಯಾಕ್ ಮಾಡುವವರು, ಜೀಪು ಬಾಡಿಗೆಗೆ ಬಿಡುವವರು, ಹೀಗೆ ಬಾಳೂರು, ಕೊಟ್ಟಿಗೆಹಾರ, ಬಣಕಲ್, ಕಳಸದ ಕಡೆ ನಿನ್ನ ಕೆಲಸಕ್ಕೆ ಬರವಿಲ್ಲ. ನೀನು ಕಳಿಸಿದ ಹೋಂಸ್ಟೇ ಸೈಟಿನ ಕರಡು ನೋಡಿದೆ. ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿದೆ. ಫೋನಿನಲ್ಲಿ ತೆರೆದರೆ ಮಂಜು ಮುಸುಕಿದ ಗುಡ್ಡದ ವಿಡಿಯೊ ಬರುವವರೆಗೆ ಬಿಳಿ ಪರದೆ; ಬಂದ ಮೇಲೆ ದರವನ್ನೂ ಫೋನ್ ನಂಬರನ್ನೂ ಹುಡುಕುತ್ತಾ ಕೆಳಗೆ ಇಳಿಯುತ್ತಲೇ ಇರಬೇಕು. ಈ ಕೆಲಸಕ್ಕೆ ಇಳಿದಿರುವ ನಿನ್ನ ವಯಸ್ಸಿನ ಇತರರೂ ಓದಲಿ ಎಂದು ಇದನ್ನು ಎಲ್ಲರೆದುರೇ ಬರೆಯುತ್ತಿದ್ದೇನೆ.

ನನ್ನ ಮಾತು ಇಷ್ಟೇ: ಮುಂದಿನ ಕೆಲಸವನ್ನು ಲ್ಯಾಪ್‌ಟಾಪಿನ ಅಗಲದಿಂದ ಶುರುಮಾಡಬೇಡ. 360 ಪಿಕ್ಸೆಲ್ ಅಗಲದ ಖಾಲಿ ಚೌಕ ಹಾಕಿಕೊಂಡು ಅದರಿಂದ ಶುರುಮಾಡು. ನಮ್ಮಲ್ಲಿ ಹೆಚ್ಚಿನ ಆಂಡ್ರಾಯ್ಡ್ ಫೋನುಗಳು ಪುಟಕ್ಕೆ ಕೊಡುವ ಅಗಲ ಹೆಚ್ಚುಕಮ್ಮಿ ಅಷ್ಟೇ. ಅಲ್ಲಿ ಸರಿಯಾಗಿ ಕೂತದ್ದನ್ನು ದೊಡ್ಡ ಪರದೆಗೆ ಹರಡುವುದು ಸುಲಭ. ದೊಡ್ಡ ಪರದೆಗೆ ಮಾಡಿದ್ದನ್ನು ಆಮೇಲೆ ಚಿಕ್ಕದರೊಳಗೆ ತುರುಕುವುದು ಬಹಳ ಕಷ್ಟ. ಏಕೆಂದರೆ ಅಷ್ಟರಲ್ಲಿ ಯಜಮಾನರಿಗೆ ಆ ವಿಡಿಯೊ, ಆ ಜಾರುವ ಚಿತ್ರಗಳು, ಆ ಉದ್ದನೆಯ ಮೆನು ಎಲ್ಲವೂ ಪ್ರೀತಿಪಾತ್ರವಾಗಿರುತ್ತವೆ.

ಈ ಸೈಟನ್ನು ಯಾರು, ಎಲ್ಲಿ ನಿಂತು ನೋಡುತ್ತಾರೆ ಎಂದು ಯೋಚಿಸು. ಶುಕ್ರವಾರ ರಾತ್ರಿ ಬೆಂಗಳೂರಿನಿಂದ ಹೊರಟು ಹಾಸನ ದಾಟಿದ ಕಾರಿನಲ್ಲಿ ಹಿಂದಿನ ಸೀಟಿನಲ್ಲಿ ಕೂತವರು. ಮಂಗಳೂರಿನಿಂದ ಬಂದು, ಚಾರ್ಮಾಡಿ ಹತ್ತುವ ಮೊದಲು ಟವರ್ ಸಿಗುವಷ್ಟರಲ್ಲಿ ದಾರಿ ನೋಡಿಕೊಳ್ಳುವವರು. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿನ್ನುತ್ತಾ ಎಡಗೈಯಲ್ಲಿ ಫೋನು ಹಿಡಿದವರು. ಇವರಾರೂ ತೋಟದ ಇತಿಹಾಸ ಓದುವ ಸ್ಥಿತಿಯಲ್ಲಿಲ್ಲ. ನಾಳೆ ರೂಮು ಇದೆಯೇ, ಒಬ್ಬರಿಗೆ ಎಷ್ಟು, ಆ ದರದಲ್ಲಿ ಊಟ ಸೇರಿದೆಯೇ, ಚಿಕ್ಕ ಕಾರು ಮನೆಯವರೆಗೆ ಇಳಿಯುತ್ತದೆಯೇ, ಇಲ್ಲದಿದ್ದರೆ ಜೀಪು ಕಳಿಸುತ್ತೀರಾ, ಅಲ್ಲಿ ಯಾವ ಸಿಮ್ ಕೆಲಸ ಮಾಡುತ್ತದೆ, ವಯಸ್ಸಾದ ಅಮ್ಮ ಜೊತೆಗಿದ್ದಾರೆ, ಮೆಟ್ಟಿಲು ಎಷ್ಟು ಎಂಬುದು ಅವರಿಗೆ ಬೇಕು. ಇವಕ್ಕೆಲ್ಲ ಉತ್ತರ ನಮ್ಮ ಹೋಂಸ್ಟೇ ಯಜಮಾನರ ಬಾಯಲ್ಲಿ ಇದೆ. ದಿನವೂ ಫೋನಿನಲ್ಲಿ ಹೇಳುತ್ತಿರುತ್ತಾರೆ. ಸೈಟಿನಲ್ಲಿ ಮಾತ್ರ ಇರುವುದಿಲ್ಲ. ಹಾಗಾಗಿ ವಿನ್ಯಾಸಕ್ಕೆ ಕೈಹಾಕುವ ಮೊದಲು ಅವರ ಜಗಲಿಯಲ್ಲಿ ಒಂದು ಮಧ್ಯಾಹ್ನ ಕೂತುಕೋ. ಬಂದ ಕರೆಗಳಲ್ಲಿ ಜನ ಏನೇನು ಕೇಳುತ್ತಾರೆ, ಯಾವುದನ್ನು ಮೊದಲು ಕೇಳುತ್ತಾರೆ ಎಂದು ಬರೆದುಕೋ. ನಿನ್ನ ಪುಟದ ಕ್ರಮ ಅದೇ.

ಫೋನಿಗೆ ಮೊದಲು ಕಟ್ಟುವುದು ಎಂದರೆ ಮುಖ್ಯವಾಗಿ ಈ ಕ್ರಮವನ್ನು ತೀರ್ಮಾನಿಸುವುದು. ಅಗಲವಾದ ಪರದೆಯಲ್ಲಿ ಹತ್ತು ಸಂಗತಿಗಳನ್ನು ಅಕ್ಕಪಕ್ಕ ಇಟ್ಟು ಯಾವುದು ಮುಖ್ಯ ಎಂಬ ಪ್ರಶ್ನೆಯನ್ನು ತಪ್ಪಿಸಿಕೊಳ್ಳಬಹುದು. ಫೋನಿನಲ್ಲಿ ಒಂದರ ಕೆಳಗೆ ಒಂದು ಬರಲೇಬೇಕು, ಯಾವುದೋ ಒಂದು ಮೊದಲಾಗಲೇಬೇಕು. ಲ್ಯೂಕ್ ರೊಬ್ಲೆವ್‌ಸ್ಕಿ ಎಂಬ ವಿನ್ಯಾಸಕ 2009ರಲ್ಲಿ ಈ ವಾದ ಮುಂದಿಟ್ಟಾಗ ಹೇಳಿದ್ದರ ತಿರುಳು ಇದೇ. ಮರುವರ್ಷ ಈಥನ್ ಮಾರ್ಕಾಟ್, ಒಂದೇ ಪುಟ ಪರದೆಯ ಅಗಲಕ್ಕೆ ತಕ್ಕಂತೆ ತಾನೇ ಹೊಂದಿಕೊಳ್ಳುವ ವಿಧಾನವನ್ನು ಬರೆದು ತೋರಿಸಿದರು. ಅವರು ಬರೆಯುವಾಗ ನಮ್ಮ ಕಡೆ ಹೆಚ್ಚಿನವರ ಕೈಯಲ್ಲಿ ಬಟನ್ ಫೋನು. 2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂದ ಮೇಲೆ ಡೇಟಾ ಅಗ್ಗವಾಗಿ, ಕಂಪ್ಯೂಟರನ್ನು ಮುಟ್ಟದೆಯೇ ಎಷ್ಟೋ ಜನ ಇಂಟರ್ನೆಟ್ಟಿಗೆ ಬಂದರು. ಅವರಿಗೆ ಫೋನೇ ಮೊದಲಿನದು, ಫೋನೇ ಕೊನೆಯದು.

ಗೂಗಲ್ ಕೂಡ ಈಗ ಅದೇ ಕಣ್ಣಿನಿಂದ ನೋಡುತ್ತದೆ. 2015ರ ಏಪ್ರಿಲಿನಲ್ಲಿ ಫೋನಿಗೆ ಹೊಂದುವ ಪುಟಗಳನ್ನು ಫೋನಿನ ಹುಡುಕಾಟದಲ್ಲಿ ಮೇಲಕ್ಕೆ ತರಲು ಶುರುಮಾಡಿತು. ಆಮೇಲೆ ಪುಟದ ಮೊಬೈಲ್ ರೂಪವನ್ನೇ ಓದಿ ದಾಖಲಿಸುವ ಪದ್ಧತಿಗೆ ಬದಲಾಗುತ್ತಾ ಬಂದು, 2023ರ ಅಕ್ಟೋಬರಿನಲ್ಲಿ ಆ ಬದಲಾವಣೆ ಪೂರ್ತಿಯಾಯಿತೆಂದು ಹೇಳಿತು. ಇಲ್ಲೊಂದು ಎಚ್ಚರ. ಫೋನಿನಲ್ಲಿ ಜಾಗವಿಲ್ಲ ಎಂದು ದರಪಟ್ಟಿಯನ್ನೋ ದಾರಿಯ ವಿವರವನ್ನೋ ತೆಗೆದುಹಾಕಿ ಲ್ಯಾಪ್‌ಟಾಪಿಗೆ ಮಾತ್ರ ಉಳಿಸಿದರೆ ಗೂಗಲ್ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಬೇಡದ್ದು ಎರಡೂ ಕಡೆ ಬೇಡ, ಬೇಕಾದ್ದು ಎರಡೂ ಕಡೆ ಇರಲಿ.

ಇನ್ನು ಪುಟದ ತೂಕ. ಇದನ್ನು ನಾನು ಸ್ವಲ್ಪ ಒತ್ತಿ ಹೇಳುತ್ತೇನೆ. ನೀನು ಕೆಲಸ ಕಲಿತ ಕಚೇರಿಯಲ್ಲಿ ಫೈಬರ್ ಸಂಪರ್ಕ ಇತ್ತು. ಇಲ್ಲಿ ಗುಡ್ಡದ ಒಂದು ಮಗ್ಗುಲಲ್ಲಿ 4ಜಿ, ಇನ್ನೊಂದು ಮಗ್ಗುಲಲ್ಲಿ ಕರೆಯೂ ಹೋಗುವುದಿಲ್ಲ. ಮಳೆಗಾಲದಲ್ಲಿ ಕರೆಂಟು ಹೋಗಿ ಟವರಿನ ಬ್ಯಾಟರಿ ಮುಗಿದರೆ ಊರಿಗೇ ಸಿಗ್ನಲ್ ಇಲ್ಲ. ಲೆಕ್ಕ ಹಾಕಿ ನೋಡು: ಸೆಕೆಂಡಿಗೆ 200 ಕಿಲೋಬಿಟ್ ಮಾತ್ರ ಸಿಗುವ ಜಾಗದಲ್ಲಿ, ಕ್ಯಾಮೆರಾದಿಂದ ನೇರ ತೆಗೆದು ಹಾಕಿದ 4 ಎಂಬಿಯ ಒಂದು ಫೋಟೊ ಇಳಿಯಲು 160 ಸೆಕೆಂಡು ಬೇಕು. ಅದೇ ಫೋಟೊವನ್ನು 1080 ಪಿಕ್ಸೆಲ್ ಅಗಲಕ್ಕೆ ಇಳಿಸಿ ವೆಬ್‌ಪಿ ರೂಪದಲ್ಲಿ 150 ಕೆಬಿಗೆ ತಂದರೆ ಆರು ಸೆಕೆಂಡು. ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ. ಕನ್ನಡದ ಒಂದೊಂದು ಯೂನಿಕೋಡ್ ಸಂಕೇತ ಮೂರು ಬೈಟು ತಿನ್ನುತ್ತದೆ, ಇಂಗ್ಲಿಷಿನದು ಒಂದೇ. ಆದರೂ ಸಾವಿರ ಸಂಕೇತಗಳ ಬರಹ ಸುಮಾರು 3 ಕೆಬಿ ಮಾತ್ರ. ಹಾಗಾಗಿ ಹೇಳಬೇಕಾದ್ದನ್ನು ಅಕ್ಷರದಲ್ಲಿ ಹೇಳು. ದರ, ನಂಬರು, ದಾರಿ ಮೊದಲು ಬಂದು ನಿಲ್ಲಲಿ, ಚಿತ್ರಗಳು ನಿಧಾನವಾಗಿ ಹಿಂದಿನಿಂದ ಬರಲಿ. ಮುಖ್ಯ ಭಾಗ ಎರಡೂವರೆ ಸೆಕೆಂಡಿನೊಳಗೆ ಕಾಣಬೇಕೆಂಬುದು ಗೂಗಲ್ ಇಟ್ಟಿರುವ ಅಳತೆ. ಘಟ್ಟದ ಮೇಲೆ ಅದು ಯಾವಾಗಲೂ ಸಾಧ್ಯವಾಗದಿರಬಹುದು. ಆದರೆ ಆ ಅಳತೆ ಇಟ್ಟುಕೊಂಡು ಕಟ್ಟಿದ ಪುಟ ನಮ್ಮಲ್ಲೂ ತೆರೆಯುತ್ತದೆ.

ವಿಡಿಯೊ ತೆಗೆದುಹಾಕಲು ಯಜಮಾನರು ಒಪ್ಪುವುದಿಲ್ಲ ಅನ್ನುತ್ತೀಯ. ನಿನ್ನ ಲ್ಯಾಪ್‌ಟಾಪ್ ತೆರೆದು ತೋರಿಸಿದರೆ ಖಂಡಿತ ಒಪ್ಪುವುದಿಲ್ಲ. ವೈಫೈ ಆಫ್ ಮಾಡಿಸಿ, ಅವರದೇ ಫೋನನ್ನು ಅವರ ಕೈಗೆ ಕೊಟ್ಟು, ಕಾಫಿ ಕಣದ ಹತ್ತಿರ ನಿಂತು ಸೈಟು ತೆರೆಯಲು ಹೇಳು. ನೀನು ಬೇರೇನೂ ವಾದಿಸಬೇಕಾಗಿಲ್ಲ.

ಕನ್ನಡದ ವಿಷಯಕ್ಕೆ ಬರುತ್ತೇನೆ. ನಿನ್ನ ಕರಡಿನಲ್ಲಿ ಕನ್ನಡ ಒಂದೇ ಕಡೆ ಇತ್ತು, ಅದೂ ಚಿತ್ರದೊಳಗೆ ಬರೆದ ಹೆಸರು. ದಾವಣಗೆರೆಯಿಂದ, ಮಂಡ್ಯದಿಂದ ಹೊರನಾಡಿನ ದೇವಸ್ಥಾನಕ್ಕೆ ಬಂದು ಒಂದು ರಾತ್ರಿ ಉಳಿಯುವ ಕುಟುಂಬಗಳು ಕನ್ನಡದಲ್ಲೇ ಹುಡುಕುತ್ತವೆ, ಎಷ್ಟೋ ಸಲ ಫೋನಿಗೆ ಬಾಯಲ್ಲಿ ಹೇಳಿ ಹುಡುಕುತ್ತವೆ. ಚಿತ್ರದೊಳಗಿನ ಅಕ್ಷರ ಚಿಕ್ಕ ಪರದೆಯಲ್ಲಿ ಇರುವೆ ಸಾಲಿನಂತೆ ಕಾಣುತ್ತದೆ, ಹಿಗ್ಗಿಸಿದರೆ ಮಸುಕಾಗುತ್ತದೆ, ಕಣ್ಣು ಕಾಣದವರ ಫೋನು ಅದನ್ನು ಓದಿ ಹೇಳುವುದೂ ಇಲ್ಲ. ಯಜಮಾನರು ನಿನಗೆ ಕೊಡುವ ಬರಹ ಬಹುಪಾಲು ಯಾವುದೋ ಡಿಟಿಪಿ ಅಂಗಡಿಯಲ್ಲಿ ನುಡಿ ತಂತ್ರಾಂಶದ ಹಳೆಯ ಆಸ್ಕಿ ಫಾಂಟಿನಲ್ಲಿ ಟೈಪಾಗಿರುತ್ತದೆ. ಅದನ್ನು ಹಾಗೇ ಅಂಟಿಸಿದರೆ ಫೋನಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ಯೂನಿಕೋಡಿಗೆ ಪರಿವರ್ತಿಸಿ, ಆಮೇಲೆ ಒಂದೊಂದು ಸಾಲನ್ನೂ ಕಣ್ಣಿಟ್ಟು ಓದು. ಪರಿವರ್ತಕಗಳು ಅರ್ಕಾವೊತ್ತು, ಒತ್ತಕ್ಷರಗಳಲ್ಲಿ ಎಡವುತ್ತವೆ.

ಇಂಗ್ಲಿಷಿಗೆ ಹೊಂದಿಸಿದ ಸಾಲುಗಳ ಅಂತರ ಕನ್ನಡಕ್ಕೆ ಸಾಲದು. ಒತ್ತಕ್ಷರ ಕೆಳಗೆ ಇಳಿಯುತ್ತದೆ, ಗುಡಿಸು ಮೇಲೇರುತ್ತದೆ, ಸಾಲುಗಳು ಒಂದಕ್ಕೊಂದು ತಾಗಿ ಓದುವವರ ಕಣ್ಣು ಸೋಲುತ್ತದೆ. ಅಕ್ಷರ 16 ಪಿಕ್ಸೆಲ್‌ಗಿಂತ ಕಡಿಮೆ ಬೇಡ, ಸಾಲಿನ ಎತ್ತರ ಅದರ ಒಂದೂಮುಕ್ಕಾಲರಷ್ಟು ಇರಲಿ. ಸಂಧಿ ಸಮಾಸಗಳಿಂದ ಉದ್ದವಾದ ಪದ ಬಟನ್ನಿನಿಂದ ಹೊರಗೆ ಚಾಚಿಕೊಳ್ಳುತ್ತದೆ. ಅಲ್ಲಿ ಅಕ್ಷರ ಚಿಕ್ಕದು ಮಾಡಬೇಡ, ಪದ ಬದಲಿಸು. ‘ಕೊಠಡಿ ಕಾಯ್ದಿರಿಸುವಿಕೆಗಾಗಿ’ ಬೇಡ, ‘ರೂಮ್ ಬುಕ್ ಮಾಡಿ’ ಸಾಕು. ಕನ್ನಡಕ್ಕೆ ಇಷ್ಟು ಒತ್ತು ಕೊಡಲು ಕಾರಣವಿದೆ. ನಮ್ಮ ಮೂಡಿಗೆರೆಯ ತೋಟದಲ್ಲಿ ಕೂತು ಲೇಖಕ ಪೂರ್ಣಚಂದ್ರ ತೇಜಸ್ವಿಯವರು ಕನ್ನಡದ ತಂತ್ರಾಂಶಕ್ಕಾಗಿ ಹೋರಾಡಿದರು. ಕಂಪ್ಯೂಟರಿನಲ್ಲಿ ಬದುಕದ ಭಾಷೆಗೆ ಮುಂದೆ ಕಷ್ಟವಿದೆ ಎಂದು ಅವರಿಗೆ ಆಗಲೇ ಕಂಡಿತ್ತು. ಅವರು 2007ರಲ್ಲಿ ತೀರಿಕೊಂಡರು, ಮೊದಲ ಐಫೋನ್ ಬಂದದ್ದೂ ಅದೇ ವರ್ಷ. ಅವರು ಬೇಡಿದ್ದು ಈಗ ಪ್ರತಿ ಫೋನಿನಲ್ಲೂ ಇದೆ. ಇದ್ದೂ ನಾವು ಬಳಸದಿದ್ದರೆ ನನಗೆ ನೋವಾಗುತ್ತದೆ.

ಬೆರಳಿನ ವಿಷಯ ಬೇಗ ಮುಗಿಸುತ್ತೇನೆ. ಮೌಸ್ ಮೇಲಿಟ್ಟರೆ ಮಾತ್ರ ತೆರೆಯುವ ಮೆನು ಬೆರಳಿಗೆ ಆಗದು. ಬಟನ್ನಿನ ಅಳತೆ 48 ಪಿಕ್ಸೆಲ್ ಇಟ್ಟುಕೋ, ಪಕ್ಕದ್ದಕ್ಕೆ ಅಂತರ ಬಿಡು. ಫೋನ್ ನಂಬರ್ ಮುಟ್ಟಿದರೆ ಕರೆ ಹೋಗಬೇಕು. ವಾಟ್ಸ್ಆ್ಯಪಿನ ಹಸಿರು ಬಟನ್ ದರದ ಮೇಲೆ ಕೂರಬಾರದು. ಹಣ ಕಳಿಸಲು ಕ್ಯೂಆರ್ ಚಿತ್ರ ಮಾತ್ರ ಹಾಕುವುದನ್ನು ಎಲ್ಲ ಕಡೆ ನೋಡುತ್ತೇನೆ. ಫೋನಿನಲ್ಲೇ ಸೈಟು ನೋಡುತ್ತಿರುವವರು ಅದನ್ನು ಯಾವ ಕ್ಯಾಮೆರಾದಿಂದ ಸ್ಕ್ಯಾನ್ ಮಾಡಬೇಕು? ಮುಟ್ಟಿದರೆ ಯುಪಿಐ ಆ್ಯಪ್ ತೆರೆಯುವ ಕೊಂಡಿ ಕೊಡು, ಜೊತೆಗೆ ಯುಪಿಐ ಐಡಿಯನ್ನು ನಕಲು ಮಾಡಿಕೊಳ್ಳುವಂತೆ ಅಕ್ಷರದಲ್ಲಿ ಬರೆ.

ದಾರಿಯನ್ನು ಗೂಗಲ್ ಮ್ಯಾಪಿಗೆ ಪೂರ್ತಿ ಒಪ್ಪಿಸಬೇಡ. ಅದು ಜನರನ್ನು ಬೇರೆಯವರ ತೋಟದ ಗೇಟಿಗೆ ಕರೆದೊಯ್ದು ನಿಲ್ಲಿಸುತ್ತದೆ, ಅಲ್ಲಿ ಸಿಗ್ನಲ್ ಇರುವುದಿಲ್ಲ. ಕೊಟ್ಟಿಗೆಹಾರದಲ್ಲಿ ಕಳಸದ ರಸ್ತೆಗೆ ತಿರುಗಿ ಎಂಬಲ್ಲಿಂದ ಹಿಡಿದು ಕೊನೆಯ ತಿರುವಿನವರೆಗೆ, ಗುರುತಿನ ಅಂಗಡಿ, ಸೇತುವೆ, ಬಸ್ ತಂಗುದಾಣ ಹೇಳಿ ನಾಲ್ಕು ಸಾಲು ಬರೆ. ಒಮ್ಮೆ ತೆರೆದ ಪುಟದಲ್ಲಿ ಆ ಸಾಲುಗಳು ಸಿಗ್ನಲ್ ಹೋದ ಮೇಲೂ ಉಳಿದಿರುತ್ತವೆ. ಕುದುರೆಮುಖ ಶಿಖರಕ್ಕೆ ದಿನಕ್ಕೆ 300 ಜನರ ಮಿತಿ ಇದೆ, ಅರಣ್ಯ ಇಲಾಖೆಯ ಆನ್‌ಲೈನ್ ಬುಕಿಂಗ್ ಮೊದಲೇ ಆಗಬೇಕು ಎಂಬುದನ್ನೂ ಅಲ್ಲೇ ಹೇಳು. ಬುಕಿಂಗ್ ಇಲ್ಲದೆ ಇಲ್ಲಿಯವರೆಗೆ ಬಂದು ಮಕ್ಕಳೊಂದಿಗೆ ವಾಪಸು ಹೋಗುವವರ ಮುಖ ನೀನೂ ನೋಡಿರುತ್ತೀಯ.

2019ರ ಆಗಸ್ಟ್ ನಿನಗೆ ನೆನಪಿರಬೇಕು. ನಮ್ಮ ಸುತ್ತಿನ ಮಲೆಮನೆ, ಮಧುಗುಂಡಿ ಕಡೆ ಗುಡ್ಡ ಜರಿದು ಮನೆ, ತೋಟ ಹೋದವು. ಚಾರ್ಮಾಡಿ ಘಾಟಿ ಮುಚ್ಚಿತು. ಆಮೇಲೂ ಮಳೆ ಜೋರಾದಾಗಲೆಲ್ಲ ಘಾಟಿ ತೆರೆದಿದೆಯೇ ಎಂಬುದೇ ಮೊದಲ ಪ್ರಶ್ನೆ. ಅದಕ್ಕಾಗಿ ಪ್ರತಿ ಸೈಟಿನ ನೆತ್ತಿಯಲ್ಲಿ ಒಂದು ಸಾಲಿಗೆ ಜಾಗ ಬಿಡು: ಇವತ್ತು ರಸ್ತೆ ಹೇಗಿದೆ, ಮಳೆ ಹೇಗಿದೆ, ತಾರೀಖು ಸಮೇತ. ಆ ಸಾಲನ್ನು ಯಜಮಾನರೇ ತಮ್ಮ ಫೋನಿನಿಂದ ಬದಲಿಸುವಂತಿರಬೇಕು. ಸೈಟನ್ನು ನೋಡುವವರಿಗೆ ಫೋನು ಮೊದಲು ಎಂದ ಮೇಲೆ ಅದನ್ನು ನಡೆಸುವವರಿಗೂ ಹಾಗೇ ಅಲ್ಲವೇ? ತೋಟದ ಮನೆಯಲ್ಲಿ ಕಂಪ್ಯೂಟರ್ ಇಲ್ಲ, ಇದ್ದರೂ ಮಗ ಬೆಂಗಳೂರಿಗೆ ಒಯ್ದಿರುತ್ತಾನೆ. ದರ ಬದಲಿಸಲು, ರೂಮು ಖಾಲಿಯಿಲ್ಲ ಎಂದು ಹಾಕಲು ಪ್ರತಿ ಸಲ ನಿನ್ನನ್ನೇ ಕರೆಯಬೇಕೆಂದರೆ ಕ್ರಮೇಣ ಅವರು ಕರೆಯುವುದನ್ನೇ ಬಿಡುತ್ತಾರೆ, ಸೈಟಿನಲ್ಲಿ ಎರಡು ವರ್ಷ ಹಳೆಯ ದರ ಕೂತಿರುತ್ತದೆ.

ಕಾಫಿಪುಡಿ ಮಾರುವವರಿಗೆ ಪ್ರಶ್ನೆಗಳು ಬೇರೆ. ಅರೇಬಿಕಾ ಎಷ್ಟು, ರೋಬಸ್ಟಾ ಎಷ್ಟು, ಚಿಕೋರಿ ಎಷ್ಟು ಪರ್ಸೆಂಟ್, ಯಾವತ್ತು ಹುರಿದದ್ದು, ಫಿಲ್ಟರಿಗೆ ಪುಡಿ ಮಾಡಿಕೊಡುತ್ತೀರಾ, ಪಾರ್ಸೆಲ್ ಖರ್ಚು ಎಷ್ಟು ಎಂಬುದು ಮೊದಲ ಪರದೆಯಲ್ಲೇ ಬರಲಿ. ಚಿಕ್ಕಮಗಳೂರು ಅರೇಬಿಕಾಕ್ಕೆ 2019ರಲ್ಲಿ ಭೌಗೋಳಿಕ ಸೂಚಿ ಮಾನ್ಯತೆ ಬಂದಿದೆ. ರೋಬಸ್ಟಾ ಮಾರುವವರು ಆ ಹೆಸರು ಹಾಕಿಕೊಡು ಎಂದರೆ ಬೇಡ ಎಂದು ಹೇಳುವ ಧೈರ್ಯ ನಿನಗಿರಲಿ. ಒಳ್ಳೆಯ ರೋಬಸ್ಟಾಕ್ಕೆ ತನ್ನದೇ ಗಿರಾಕಿಗಳಿದ್ದಾರೆ.

ಇನ್‌ಸ್ಟಾಗ್ರಾಂ ಪುಟ ಇರುವಾಗ ಸೈಟು ಯಾಕೆ ಎಂದು ಕೆಲವರು ಕೇಳುತ್ತಾರೆ. ಅದೂ ಇರಲಿ. ಆದರೆ ಅಲ್ಲಿ ಯಾರಿಗೆ ಏನು ಕಾಣಬೇಕೆಂದು ತೀರ್ಮಾನಿಸುವುದು ಆ ಕಂಪನಿ. ಬುಕಿಂಗ್ ಆ್ಯಪುಗಳು ಪ್ರತಿ ಬುಕಿಂಗಿಗೂ ಕಮಿಷನ್ ಹಿಡಿಯುತ್ತವೆ. ಹಗುರವಾದ, ಸ್ವಂತದ್ದಾದ ಪುಟ ಒಂದಿದ್ದರೆ ಒಮ್ಮೆ ಬಂದುಹೋದ ಅತಿಥಿ ಎರಡನೆಯ ಸಲ ನೇರ ಕರೆಮಾಡುತ್ತಾನೆ. ಹೀಗೆ ಕಮಿಷನ್ ತಪ್ಪಿ ಉಳಿದ ಹಣ ಇಲ್ಲೇ ಊರಿನಲ್ಲಿ ಇರುತ್ತದೆ ಎಂಬ ಕಾರಣಕ್ಕೇ ನಿನ್ನ ಕೆಲಸ ನನಗೆ ಇಷ್ಟು ಮುಖ್ಯವಾಗಿ ಕಾಣುವುದು.

ಹಾಗೆಂದ ಮೇಲೆ ಆ ಪುಟ ನಿಜವಾಗಿಯೂ ಅವರ ಸ್ವಂತದ್ದಾಗಿರಬೇಕು. ಡೊಮೇನನ್ನು ನಿನ್ನ ಹೆಸರಿನಲ್ಲಿ ಕೊಳ್ಳಬೇಡ; ಯಜಮಾನರ ಹೆಸರು, ಅವರ ಇಮೇಲ್, ಅವರ ಫೋನ್ ನಂಬರಿಗೇ ನೋಂದಾಯಿಸು. ಪಾಸ್‌ವರ್ಡನ್ನೂ, ಪ್ರತಿ ವರ್ಷ ಯಾವ ತಾರೀಖಿನೊಳಗೆ ನವೀಕರಣದ ಹಣ ಕಟ್ಟಬೇಕು ಎಂಬುದನ್ನೂ ಅವರ ತೋಟದ ಲೆಕ್ಕದ ಪುಸ್ತಕದಲ್ಲಿ ನಿನ್ನ ಕೈಯಾರೆ ಬರೆದುಕೊಟ್ಟು ಬಾ.

ಇಂತಿ,
ನಿನ್ನ ದೊಡ್ಡಪ್ಪ