ಒಂದೇ ಬೆಕ್ಕು, ಎರಡು ಕೂಗು

ಪ್ರಶ್ನೆ: ಜೋಯಿಡಾ ತಾಲ್ಲೂಕಿನ ಹಳ್ಳಿ ಮನೆ ಬಿಟ್ಟು ದಾಂಡೇಲಿಗೆ ಬಂದಿದ್ದೇವೆ. ಮೇಲ್ಮಹಡಿಯ ಬಾಡಿಗೆ ಮನೆ. ಜೊತೆಗೆ ತಂದ ಹೆಣ್ಣು ಬೆಕ್ಕಿಗೆ ಒಂದೂವರೆ ವರ್ಷ. ಊರಲ್ಲಿ ಇದರ ಸದ್ದೇ ಇರಲಿಲ್ಲ. ಇಲ್ಲಿ ಬೆಳಗಿನ ಜಾವ ನಾಲ್ಕಕ್ಕೆಲ್ಲ ಕೂಗಲು ಶುರು. ಅತ್ತೆ ಎದ್ದು ಹಾಲು ಹಾಕಿದರೆ ಸುಮ್ಮನಾಗುತ್ತದೆ. ನಡುನಡುವೆ ಒಂದೊಂದು ವಾರ ಹಗಲು ರಾತ್ರಿ ಎನ್ನದೆ ಮಗು ಅತ್ತಂತೆ ಎಳೆದೆಳೆದು ಕೂಗುತ್ತದೆ, ನೆಲದ ಮೇಲೆ ಹೊರಳಾಡುತ್ತದೆ, ಆಮೇಲೆ ತಾನೇ ಸರಿಹೋಗುತ್ತದೆ. ಕೆಳಗಿನ ಮನೆಯವರು ಪೇಪರ್ ಮಿಲ್ಲಿನ ಪಾಳಿ ಕೆಲಸದವರು. ನಿದ್ದೆಯಿಲ್ಲ ಎಂದು ಬಂದು ಹೇಳಿ ಹೋದರು. ಬೆಕ್ಕು ಅತ್ತರೆ ಮನೆಗೆ ಕೇಡು ಎಂದು ಅತ್ತೆಗೆ ಭಯ. ಗಣೇಶಗುಡಿ ರಸ್ತೆಯ ಕಾಡಂಚಿಗೆ ಬಿಟ್ಟು ಬರೋಣ ಎನ್ನುತ್ತಾರೆ ಯಜಮಾನರು. ನಮ್ಮದು ಮೀನು-ಮಾಂಸ ಮಾಡದ ಮನೆ. ಏನು ಮಾಡಲಿ?
— ಹೆಸರು ಬೇಡ, ದಾಂಡೇಲಿ

ಉತ್ತರ: ಕಾಡಂಚಿಗೆ ಬಿಡುವ ಮಾತನ್ನು ಮೊದಲು ಕೈಬಿಡಿ. ಅದು ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಸೀಮೆ. ಅಲ್ಲಿ ಚಿರತೆಯೂ ಇದೆ, ಕರಿಚಿರತೆಯೂ ಇದೆ. ಮನೆಯ ಆಸರೆಯಲ್ಲಿ ಬೆಳೆದ ಬೆಕ್ಕು ಅಲ್ಲಿ ಬಹಳ ದಿನ ಬಾಳುವುದಿಲ್ಲ. ಬಾಳಿದರೂ ಅದರ ಮೈಯ ರೋಗ ಕಾಡಿನ ಬೆಕ್ಕುಗಳಿಗೆ ಅಂಟಬಹುದು. ಸಾಕಿದ ಪ್ರಾಣಿಯನ್ನು ಹಸಿವಿನಿಂದ ನರಳುವಂತೆ ಬಿಟ್ಟುಬರುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಲ್ಲಿ ಅಪರಾಧವೆಂದೂ ಯಜಮಾನರಿಗೆ ತಿಳಿಸಿ.

ನಿಮ್ಮ ಪತ್ರದಲ್ಲಿ ಉತ್ತರದ ಅರ್ಧಭಾಗ ಆಗಲೇ ಇದೆ. ನೀವು ಬರೆದಿರುವುದು ಎರಡು ಬೇರೆ ಬೇರೆ ಕೂಗುಗಳ ಬಗ್ಗೆ. ಎರಡನ್ನೂ ಒಂದೇ ಕಾಟ ಎಂದುಕೊಂಡಿದ್ದರಿಂದಲೇ ದಾರಿ ಕಾಣದಂತಾಗಿದೆ.

ಒಂದೊಂದು ವಾರ ಎಳೆದೆಳೆದು ಕೂಗಿ, ಹೊರಳಾಡಿ, ತಾನೇ ನಿಲ್ಲುವ ಕೂಗು ಬೆದೆಯದು. ಆಗ ಬೆನ್ನಿನ ಮೇಲೆ, ಬಾಲದ ಬುಡದ ಹತ್ತಿರ ಕೈಯಾಡಿಸಿ ನೋಡಿ: ಮುಂಗಾಲು ಮಡಚಿ, ಹಿಂಭಾಗ ಎತ್ತಿ, ಬಾಲವನ್ನು ಪಕ್ಕಕ್ಕೆ ಸರಿಸಿ ಹಿಂಗಾಲಲ್ಲಿ ನೆಲ ತುಳಿಯುತ್ತದೆ. ಹಾಗೆ ಮಾಡಿದರೆ ಅನುಮಾನವೇ ಬೇಡ. ಆ ಕೂಗು ನಿಮಗಲ್ಲ, ಎಲ್ಲೋ ಇರುವ ಗಂಡು ಬೆಕ್ಕಿಗೆ. ಗಂಡು ಸೇರದಿದ್ದರೆ ಬೆದೆ ಸುಮಾರು ಒಂದು ವಾರವಿದ್ದು ಇಳಿಯುತ್ತದೆ, ಎರಡು ಮೂರು ವಾರ ಬಿಟ್ಟು ಮತ್ತೆ ಬರುತ್ತದೆ. ನಮ್ಮ ಸೆಕೆಯ ನಾಡಿನಲ್ಲಿ ಇದಕ್ಕೆ ವರ್ಷದ ಬಹುಪಾಲು ಬಿಡುವೇ ಇರುವುದಿಲ್ಲ. ಊರಲ್ಲಿ ಇದರ ಸದ್ದು ಕೇಳದಿದ್ದುದಕ್ಕೂ ಕಾರಣವಿದೆ. ಅಲ್ಲಿ ಬಾಗಿಲು ತೆರೆದಿತ್ತು. ಕೂಗುವುದೇನಿದ್ದರೂ ಹಿತ್ತಿಲಾಚೆ ಕೂಗಿಕೊಂಡು ಬರುತ್ತಿತ್ತು.

ಇದಕ್ಕೆ ಗದರಿಕೆ, ಹಾಲು, ಮುದ್ದು ಯಾವುದೂ ಮದ್ದಲ್ಲ. ಸಂತಾನಹರಣ ಶಸ್ತ್ರಚಿಕಿತ್ಸೆಯೊಂದೇ ದಾರಿ. ಒಂದು ಸಲ ಮರಿ ಹಾಕಲಿ, ಸರಿಹೋಗುತ್ತದೆ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ, ಕೇಳಬೇಡಿ. ಒಂಬತ್ತು ವಾರಕ್ಕೆ ಮರಿ ಹಾಕಿ, ಹಾಲು ಕುಡಿಸುತ್ತಿರುವಾಗಲೇ ಮತ್ತೆ ಬೆದೆಗೆ ಬರುವ ಬೆಕ್ಕುಗಳುಂಟು. ಬೆದೆ ತಡೆಯಲೆಂದು ಮಾತ್ರೆ, ಇಂಜೆಕ್ಷನ್ ಕೊಡಿಸುವುದಂತೂ ಬೇಡವೇ ಬೇಡ. ಗರ್ಭಕೋಶದಲ್ಲಿ ಕೀವಾಗುವ, ಮೊಲೆಯಲ್ಲಿ ಗಡ್ಡೆ ಬೆಳೆಯುವ ಅಪಾಯ ಅದರಲ್ಲಿದೆ. ಮೊದಲು ನಿಮ್ಮೂರ ಪಶು ಆಸ್ಪತ್ರೆಯಲ್ಲಿ ವಿಚಾರಿಸಿ. ಅಲ್ಲಿ ಬೆಕ್ಕಿನ ಶಸ್ತ್ರಚಿಕಿತ್ಸೆಗೆ ಅನುಕೂಲವಿಲ್ಲದಿದ್ದರೆ ಹಳಿಯಾಳದ ಮೇಲೆ ಧಾರವಾಡಕ್ಕೆ ಹೋಗಿ. ಅಲ್ಲೂ ಹುಬ್ಬಳ್ಳಿಯಲ್ಲೂ ನಾಯಿ-ಬೆಕ್ಕುಗಳ ಕ್ಲಿನಿಕ್‌ಗಳಿವೆ. ಬೆದೆ ಇಳಿದ ಮೇಲಿನ ವಾರಗಳಲ್ಲಿ ದಿನ ಗೊತ್ತುಮಾಡಿಕೊಂಡರೆ ವೈದ್ಯರಿಗೂ ಸಲೀಸು. ಬಸ್ಸಿನಲ್ಲಿ ಒಯ್ಯುವುದಾದರೆ ಗೋಣಿಚೀಲ ಬೇಡ. ಗಾಳಿಯಾಡುವ ಬುಟ್ಟಿಗೆ ಮುಚ್ಚಳ ಬಿಗಿದು, ಒಳಗೆ ಮನೆಯ ಹಳೇ ಬಟ್ಟೆ ಹಾಸಿ.

ಇನ್ನು ನಾಲ್ಕು ಗಂಟೆಯ ಕೂಗು. ಇದು ಮಾತ್ರ ನಿಮಗೇ, ಅದರಲ್ಲೂ ನಿಮ್ಮ ಅತ್ತೆಗೆ. ಬೆಳೆದ ಬೆಕ್ಕುಗಳು ತಮ್ಮತಮ್ಮಲ್ಲಿ ಮಿಯಾಂವ್ ಎನ್ನುವುದು ತೀರಾ ಕಡಿಮೆ. ಮರಿ ತಾಯಿಯನ್ನು ಕರೆಯಲು ಕೂಗುತ್ತದೆ; ಮನುಷ್ಯರ ಜೊತೆ ಬೆಳೆದದ್ದು ದೊಡ್ಡದಾದ ಮೇಲೂ ಅದನ್ನೇ ನಮ್ಮ ಮೇಲೆ ಮುಂದುವರಿಸುತ್ತದೆ. ಬೆಳಗಿನ ಜಾವ ಮತ್ತು ಮುಸ್ಸಂಜೆ ಬೆಕ್ಕಿಗೆ ಬೇಟೆಯ ಹೊತ್ತು. ಆ ಹೊತ್ತಿಗೆ ಎಚ್ಚರವಾಯಿತು, ಕೂಗಿತು, ಹಾಲು ಬಂತು. ಮರುದಿನವೂ ಕೂಗಿತು, ಬಂತು. ಈಗ ಅದರ ಲೆಕ್ಕದಲ್ಲಿ ಇದು ದಿನಚರಿ. ಅತ್ತೆಯವರನ್ನು ದೂರಬೇಡಿ, ಅಳುವ ಜೀವಕ್ಕೆ ಹಾಲೆರೆದರು, ಅಷ್ಟೇ.

ಆದರೆ ಇದು ಬರೀ ಅಭ್ಯಾಸವಲ್ಲ, ಹೊಟ್ಟೆಯ ಮಾತೂ ಹೌದು. ಊರಲ್ಲಿ ನೀವು ಹಾಕುತ್ತಿದ್ದ ಹಾಲನ್ನ ಬಾಯಿರುಚಿಗಷ್ಟೇ. ಊಟ ಅಟ್ಟದ ಮೇಲಿತ್ತು, ಕಣಜದ ಸುತ್ತ ಇತ್ತು, ಗದ್ದೆಬದುವಿನಲ್ಲಿತ್ತು. ಇಲಿ, ಓತಿಕ್ಯಾತ ಹಿಡಿದು ತಿಂದು, ತೇಗಿ, ನಿಮ್ಮ ಒಲೆಯ ಬದಿಯಲ್ಲಿ ಮಲಗುತ್ತಿದ್ದ ಬೆಕ್ಕು ಅದು. ಮೇಲ್ಮಹಡಿಯ ಮನೆಯಲ್ಲಿ ಇಲಿ ಎಲ್ಲಿಂದ ತರಬೇಕು? ಮಾಂಸವಿಲ್ಲದೆ ಬೆಕ್ಕಿನ ದೇಹ ನಡೆಯದು. ಮಾಂಸದಲ್ಲಿರುವ ಟಾರಿನ್ ಎಂಬ ಅಂಶ ಬಹುಕಾಲ ಸಿಗದಿದ್ದರೆ ಕಣ್ಣು ಹೋಗುತ್ತದೆ, ಹೃದಯ ಸೋಲುತ್ತದೆ. ಹಾಲು ಬಹಳಷ್ಟು ಬೆಕ್ಕುಗಳಿಗೆ ಅರಗುವುದೂ ಇಲ್ಲ, ಭೇದಿಯಾಗುತ್ತದೆ. ನಿಮ್ಮ ಅಡುಗೆಮನೆಯ ಶೀಲ ಕೆಡಿಸುವುದು ಬೇಡ. ಬೆಕ್ಕಿಗೆಂದೇ ಬರುವ ಪ್ಯಾಕೆಟ್ ಆಹಾರವಿದೆ, ಟಾರಿನ್ ಸೇರಿಸಿಯೇ ತಯಾರಿಸಿರುತ್ತಾರೆ. ಅದರ ಡಬ್ಬಿ, ತಟ್ಟೆ ಎರಡನ್ನೂ ಬಾಲ್ಕನಿಯಲ್ಲಿಟ್ಟುಕೊಳ್ಳಿ. ನಾಯಿಯ ಪ್ಯಾಕೆಟ್ ಅಗ್ಗವೆಂದು ಅದನ್ನು ತರಬೇಡಿ.

ರಾತ್ರಿ ಮಲಗುವ ಮುಂಚೆ ದಾರಕ್ಕೆ ಕಾಗದದ ಉಂಡೆ ಕಟ್ಟಿ ಹತ್ತು ಹದಿನೈದು ನಿಮಿಷ ಓಡಾಡಿಸಿ. ಅದು ಹೊಂಚಿ, ಜಿಗಿದು, ಹಿಡಿದು ಸುಸ್ತಾಗಬೇಕು. ಆಮೇಲೆ ಹೊಟ್ಟೆತುಂಬ ಊಟ. ಆಟ ಮುಗಿದ ಮೇಲೆ ದಾರ ಎತ್ತಿಡಿ, ನುಂಗಿದರೆ ಕರುಳಿಗೆ ಸುತ್ತಿಕೊಳ್ಳುತ್ತದೆ. ನಾಲ್ಕಕ್ಕೆ ಕೂಗಿದಾಗ ಯಾರೂ ಏಳಬಾರದು, ದೀಪ ಹಾಕಬಾರದು, ಗದರಲೂಬಾರದು. ಗದರಿದರೂ ಅದಕ್ಕೆ ಉತ್ತರ ಸಿಕ್ಕಂತೆಯೇ. ಮೊದಲ ಕೆಲವು ರಾತ್ರಿ ಕೂಗು ಹೆಚ್ಚುತ್ತದೆ. ಅಲ್ಲೇ ಎಲ್ಲರೂ ಸೋಲುವುದು. ಐದನೇ ರಾತ್ರಿ ತಡೆಯಲಾರದೆ ಎದ್ದಿರೋ, ಐದು ರಾತ್ರಿ ಕೂಗಿದರೆ ಸಿಗುತ್ತದೆ ಎಂದು ಕಲಿಸಿದಿರಿ. ಬೆಳಗಿನ ಊಟ ಹಾಕುವ ಕೆಲಸವನ್ನು ಅತ್ತೆಯವರಿಗೇ ಒಪ್ಪಿಸಿ, ಆದರೆ ಅವರ ಸ್ನಾನ-ಪೂಜೆ ಮುಗಿದ ಮೇಲೆ, ದಿನವೂ ಅದೇ ಹೊತ್ತಿಗೆ.

ನಿಮ್ಮ ಕಡೆಯ ಮಳೆಗಾಲದ ಬಗ್ಗೆ ಒಂದು ಮಾತು. ಮಣ್ಣಿನಲ್ಲಿ ಕೆರೆದು ಹೇಲು-ಉಚ್ಚೆ ಮುಚ್ಚಿ ರೂಢಿಯಾದ ಬೆಕ್ಕಿಗೆ ನೆಲ ರಾಡಿಯಾದರೆ ಜಾಗವೇ ಇಲ್ಲದಂತಾಗುತ್ತದೆ. ಬಾಗಿಲ ಬಳಿ ನಿಂತು ಕೂಗುವುದು ಎಷ್ಟೋ ಸಲ ಇದಕ್ಕೇ. ಅಗಲವಾದ ಟಬ್ಬಿನಲ್ಲಿ ಒಣ ಮರಳು ಹಾಕಿ ಊಟದ ತಟ್ಟೆಯಿಂದ ದೂರವಿಡಿ, ದಿನಾ ತೆಗೆದು ಚೊಕ್ಕಟ ಮಾಡಿ. ಹಗಲು ಬೇಸರ ಕಳೆಯಲು ಕಿಟಕಿಗೆ ಗಟ್ಟಿ ಜಾಲರಿ ಹೊಡೆಸಿ, ಕೂರಲು ಹಲಗೆ ಕೊಡಿ. ಮಂಗಟ್ಟೆ ಹಕ್ಕಿ ನೋಡಲು ಜನ ದುಡ್ಡು ಕೊಟ್ಟು ದಾಂಡೇಲಿಗೆ ಬರುತ್ತಾರೆ, ನಿಮ್ಮ ಬೆಕ್ಕೂ ನೋಡಲಿ. ಹಕ್ಕಿ ಕಂಡು ದವಡೆ ಕಟಕಟ ಆಡಿಸಿದರೆ ಗಾಬರಿ ಬೇಡ, ಅದು ಬೇಟೆಯ ಹುಮ್ಮಸ್ಸು.

ಮುಂಡಗೋಡದಿಂದ ಇನ್ನೊಬ್ಬರು ಹದಿಮೂರು ವರ್ಷದ ಬೆಕ್ಕು ರಾತ್ರಿಯಿಡೀ ಅರಚುತ್ತದೆ, ತಿಂದಷ್ಟೂ ಸೊರಗುತ್ತಿದೆ ಎಂದು ಬರೆದಿದ್ದಾರೆ. ಅವರು ಮೇಲಿನ ಯಾವುದನ್ನೂ ಮಾಡುತ್ತ ಕೂರಬಾರದು. ಆ ವಯಸ್ಸಿನಲ್ಲಿ ಅದು ಥೈರಾಯ್ಡ್, ರಕ್ತದೊತ್ತಡ, ಮೂತ್ರಪಿಂಡ, ಕಿವುಡು, ಮರೆವು ಏನೂ ಇರಬಹುದು. ರಕ್ತ ಪರೀಕ್ಷೆ ಆಗಲಿ. ಗಂಡು ಬೆಕ್ಕು ಸಾಕಿದವರೂ ಒಂದು ತಿಳಿದಿರಲಿ: ಉಚ್ಚೆಗೆ ಕೂತು ಮುಕ್ಕುತ್ತ ಕೂಗಿ, ಹನಿಯೂ ಬಾರದಿದ್ದರೆ ಅದು ಅಂದೇ ವೈದ್ಯರ ಬಳಿ ಒಯ್ಯಬೇಕಾದದ್ದು. ಮರುದಿನ ನೋಡೋಣ ಎಂದರೆ ಜೀವ ಹೋಗಬಹುದು. ನೋವೆಂದು ಮನೆಯಲ್ಲಿರುವ ಪ್ಯಾರಾಸಿಟಮಾಲ್ ಮಾತ್ರೆ ಯಾವ ಬೆಕ್ಕಿಗೂ ಕೊಡಬೇಡಿ, ಅದಕ್ಕದು ವಿಷ.

ಅತ್ತೆಯವರ ಭಯಕ್ಕೆ ಶಾಸ್ತ್ರದ ಉತ್ತರ ನನ್ನಲ್ಲಿಲ್ಲ. ಮಂಡ್ಯ ಜಿಲ್ಲೆಯ ಬೆಕ್ಕಳಲೆಯಲ್ಲಿ ಬೆಕ್ಕನ್ನೇ ಮಂಗಮ್ಮ ದೇವಿಯೆಂದು ಪೂಜಿಸುತ್ತಾರೆ ಎಂದು ಹೇಳಿ ನೋಡಿ. ಉಳಿದದ್ದನ್ನು ಶಸ್ತ್ರಚಿಕಿತ್ಸೆಯಾದ ಮೇಲಿನ ಮೌನ ನೋಡಿಕೊಳ್ಳುತ್ತದೆ.

ಕೆಳಗಿನ ಮನೆಗೆ ನೀವೇ ಹೋಗಿ ಮಾತಾಡಿ. ಶಸ್ತ್ರಚಿಕಿತ್ಸೆಯ ದಿನ ಹೇಳಿ, ಅವರ ಪಾಳಿಯ ಪಟ್ಟಿ ಕೇಳಿ ತಿಳಿದುಕೊಳ್ಳಿ. ಕೂಗಿಗೆ ಏಳದಿರುವ ಪಾಠವನ್ನು ಅವರಿಗೆ ರಾತ್ರಿ ಪಾಳಿ ಇರುವ ವಾರದಲ್ಲೇ ಶುರುಮಾಡಿ. ಮನೆಯಲ್ಲಿ ಉಳಿದವರಿದ್ದರೆ ಒಂದು ವಾರ ಸಹಿಸಿ ಎಂದು ಮುಂಚೆಯೇ ಕೇಳಿಕೊಳ್ಳಿ.