ಮಳೆಯ ಹದ ಮತ್ತು ಕೂಲಿಯ ದಿನ

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳು ಸಹ್ಯಾದ್ರಿಯ ಮಳೆನೆರಳಿನಲ್ಲಿವೆ. ಇಲ್ಲಿಯ ರೈತರು ಮಳೆಯನ್ನು ನಕ್ಷತ್ರಗಳಿಂದ ಎಣಿಸುವರು. ಒಂದೊಂದಕ್ಕೆ ಸುಮಾರು 13-14 ದಿನ. ಉತ್ತರಿ, ಹಸ್ತ, ಚಿತ್ತಿ ಮಳೆಗಳ ಹಸಿಯನ್ನು ಎರೆಭೂಮಿ ಹಿಡಿದಿಟ್ಟರೆ ಹಿಂಗಾರಿ ಜೋಳ, ಕಡಲೆಗಳು ಬೆಳೆಯುವುವು.

ಗಾಳಿಯ ಉಷ್ಣತೆ 1 ಡಿಗ್ರಿ ಸೆಲ್ಸಿಯಸ್ ಏರಿದರೆ ಅದು ಹಿಡಿಯಬಲ್ಲ ನೀರಾವಿ ಸುಮಾರು ಶೇಕಡಾ 7ರಷ್ಟು ಹೆಚ್ಚುವುದು. ಆದುದರಿಂದ ಬಂದ ಮಳೆ ಬಿರುಸಾಗಿ ಸುರಿದು ಹರಿದುಹೋಗುವ, ಬಾರದಾಗ ನೆಲವು ಬೇಗನೆ ಒಣಗುವ ಸಂಭವ ಹೆಚ್ಚು. ವರ್ಷದ ಮೊತ್ತ ಸರಿಯಿದ್ದರೂ ಬಿತ್ತನೆಯ ಹದ ತಪ್ಪುವುದು. ಹವಾಮಾನದ ಬದಲಾವಣೆಯನ್ನು ರೈತರು ಅರಿಯುವುದು ಈ ಹದದಿಂದಲೇ.

ಹದ ತಪ್ಪಿದರೆ ಹೊಲವುಳ್ಳವರಿಗೆ ಬೆಳೆನಷ್ಟ. ಹೊಲವಿಲ್ಲದವರಿಗೆ ಕಳೆ ಕೀಳುವ, ಕೊಯ್ಯುವ ಕೂಲಿಯೇ ಇಲ್ಲ. ವಿಮೆಯು ಬೆಳೆಗುಂಟು, ಕೂಲಿಗಿಲ್ಲ. ಗೋವೆಗೋ ಮಂಗಳೂರಿಗೋ ಗುಳೆ ಹೊರಟ ಕುಟುಂಬದ ಮಕ್ಕಳಿಗೆ ಶಾಲೆ ತಪ್ಪುವುದು. ವಿದ್ಯಾರ್ಥಿಗಳೇ, ನಿಮ್ಮ ಊರಿನ ಮಳೆಯ ಅಳತೆಯನ್ನು ಬರೆದಿಡುವಾಗ, ಆ ವಾರ ಕೂಲಿ ದೊರೆಯಿತೇ ಎಂಬುದನ್ನೂ ಬರೆಯಿರಿ.